ಪೂಜೆಗೆ ಇಡದ ಆಯುಧ

ನನ್ನ ಗಂಡ ದೇವದಾಸರು ಕೈಗೆ ಬಣ್ಣದ ಡಬ್ಬಿ ಸಿಕ್ಕಿದರೆ ಎದುರಿಗೆ ಏನಿದೆ ಎಂದು ನೋಡುವವರಲ್ಲ. ಮರಾಠಿ ಸೀಮೆಯ ಕೋಥ್ರೂಡಿನ ನಮ್ಮ ಹೋಟೆಲಿನಲ್ಲಿ ಇಡ್ಲಿ ಹಿಟ್ಟಿನ ಗ್ರೈಂಡರಿಗೂ ಹಸಿರು ಬಳಿದವರು. ಗಿರಾಕಿಗಳು ಇಡ್ಲಿಯನ್ನು ಎರಡು ದಿನ ಮೂಸಿ ನೋಡಿ ತಿಂದರು. ಹಾಗಾಗಿ ಆಯುಧಪೂಜೆ ಬಂತೆಂದು ಅವರು ಬೋಟಿನ ಇಂಜಿನ್ನಿಗೆ ನೀಲಿ ಬಣ್ಣ ಬಳಿಯಲು ಕೂತಾಗ ನಾನು ಸುಮ್ಮನಿದ್ದೆ. ಹೇಳಿದ್ದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆಯೇ.

ಬೋಟು ಮಲ್ಪೆಯದು. ಸಮುದ್ರದಲ್ಲಿ ದುಡಿದು ಮುದಿಯಾದ ಮೇಲೆ ನಾವು ಅದನ್ನು ಲಾರಿಯಲ್ಲಿ ಹೇರಿ, ಘಟ್ಟ ಹತ್ತಿಸಿ, ಪಾನಶೆತ್ ಅಣೆಕಟ್ಟಿನ ಹಿನ್ನೀರಿಗೆ ತಂದು ಇಳಿಸಿದ್ದೆವು. ಅಲ್ಲಿನ ದಂಡೆಯಲ್ಲಿ ನಮ್ಮದೊಂದು ಸಣ್ಣ ಊಟದ ಮನೆ ಉಂಟು. ಖರಾಡಿ, ಹಿಂಜವಡಿಯ ಐಟಿ ಕಂಪನಿಗಳಿಂದ ಬರುವ ಹುಡುಗ ಹುಡುಗಿಯರು ನೀರ್ ದೋಸೆ, ಕೋಳಿ ಸಾರು ತಿಂದು, ಬೋಟಿನಲ್ಲಿ ಒಂದು ಸುತ್ತು ಹೋಗಿ ಫೋಟೋ ತೆಗೆದುಕೊಳ್ಳುತ್ತಾರೆ. ಇಂಜಿನ್ನು ಗಟ್ಟಿಮುಟ್ಟು. ವಯರಿಂಗ್ ಮಾತ್ರ ಮುದಿ ಅತ್ತೆಯ ಹಾಗೆ, ಇವತ್ತು ಒಂದು ನೋವು, ನಾಳೆ ಇನ್ನೊಂದು. ಒಮ್ಮೆ ದೀಪ ಉರಿಯುವುದಿಲ್ಲ, ಒಮ್ಮೆ ಹಾರ್ನು ತನ್ನಷ್ಟಕ್ಕೆ ಕೂಗುತ್ತದೆ. ಅದಕ್ಕೆಲ್ಲ ಔಷಧಿ ಮಾಡುವವನು ಜಟ್ಟೆಪ್ಪ. ಊರು ಕಲಬುರಗಿ ಕಡೆ, ಕೆಲಸ ಭೋಸರಿಯಲ್ಲಿ, ಲಾರಿಗಳ ಇಂಜಿನ್ನು ಎಬ್ಬಿಸುವ ಸ್ಟಾರ್ಟರ್ ಮೋಟರು ಕಟ್ಟುವ ಅಂಗಡಿಯಲ್ಲಿ. ಒಳ್ಳೆಯ ಕೆಲಸಗಾರ, ಆದರೆ ಮೊದಲು ತೀರ್ಪು ಕೊಟ್ಟು ಆಮೇಲೆ ವಿಚಾರಣೆ ಮಾಡುವ ಸ್ವಭಾವ.

ಆಯುಧಪೂಜೆಯ ದಿನ ಜಟ್ಟೆಪ್ಪ ಹೆಂಡತಿ ಸಾವಿತ್ರಿಬಾಯಿಯನ್ನೂ ಕರೆದುಕೊಂಡು ದಂಡೆಗೆ ಬಂದಿದ್ದ. ನಮ್ಮ ಕೆಲಸದವರೆಲ್ಲ ಕೋಥ್ರೂಡಿನ ಹೋಟೆಲಿನ ಪೂಜೆಗೆ ಹೋಗಿದ್ದರು. ಇಲ್ಲಿ ನಾವು ನಾಲ್ಕೇ ಜನ. ಊಟದ ಮನೆಯ ನಡುವಿನ ಮೇಜಿನ ಮೇಲೆ ನಟ್ಟು ಬಿಚ್ಚುವ ಪಾನರು, ಸ್ಕ್ರೂಡ್ರೈವರು, ಕತ್ತಿ, ತುರಿಮಣೆ, ಜಟ್ಟೆಪ್ಪನ ಕರೆಂಟು ನೋಡುವ ಮೀಟರು ಎಲ್ಲ ಸಾಲಾಗಿ ಕೂತವು. ಅರಿಶಿನ, ಕುಂಕುಮ, ಚೆಂಡುಹೂವು. ಕೊನೆಗೆ ದೇವದಾಸರು ಎಲ್ಲರ ಮೊಬೈಲನ್ನೂ ಕೇಳಿ ತೆಗೆದುಕೊಂಡು ಅಲ್ಲೇ ಇಟ್ಟರು.

"ಈಗಿನ ಕಾಲದ ದೊಡ್ಡ ಆಯುಧ ಇದೇ ಅಲ್ವಾ. ನಾಳೆ ಬೆಳಗ್ಗೆವರೆಗೆ ಯಾರೂ ಮುಟ್ಟುದು ಬೇಡ" ಎಂದರು.

"ಹೌದ್ರಿ ಅಣ್ಣಾರ, ಪೂಜಿ ಕದಲಸೂತನಕ ಮುಟ್ಟಂಗಿಲ್ಲ" ಎಂದು ಜಟ್ಟೆಪ್ಪ ಕಣ್ಣಿಗೊತ್ತಿಕೊಂಡ. ಆಮೇಲೆ ಹೆಂಡತಿಯ ಕಡೆ ತಿರುಗಿ ಕೈ ಚಾಚಿದ. "ನಿಂದೂ ತಾ. ಅಡಕೊತ್ತು."

ಸಾವಿತ್ರಿಬಾಯಿ ಸೊಂಟದ ಸಂಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾವು ಅಡಕತ್ತರಿ ಎನ್ನುವುದನ್ನು ಅವರು ಅಡಕೊತ್ತು ಎನ್ನುತ್ತಾರೆ. ಆಕೆಯದು ಕಬ್ಬಿಣದ್ದು, ಅಂಗೈಗಿಂತ ಉದ್ದ, ಹಿಡಿಕೆ ಸವೆದು ಹೊಳೆಯುತ್ತಿತ್ತು.

"ನಾ ಕೊಡಂಗಿಲ್ಲ. ನಾಳಿತನಕ ಎಲಿ ಅಡಕಿ ಇಲ್ದ ನಾ ಹ್ಯಾಂಗ ಇರ್ಲಿ?"

"ಲೋಕಕ್ಕ ಒಂದ್ ದಾರಿ ಆದ್ರ ನಿನಗೊಂದ್ ದಾರಿ. ದೇವರ ಮುಂದ ಮಾನ ಕಳಿತಿ" ಎಂದು ಅವನು ಬೈದ. ಆಕೆ ಜಪ್ಪಯ್ಯ ಎಂದರೂ ಕೊಡಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು.

ಪೂಜೆಯಾದ ವಾಹನವನ್ನು ನಿಂಬೆಹಣ್ಣಿನ ಮೇಲೆ ಹಾಯಿಸಿ ಒಂದು ಸುತ್ತು ಓಡಿಸಬೇಕಷ್ಟೆ. ಬೋಟಿಗೂ ಅದೇ ನಿಯಮ ಎಂದು ದೇವದಾಸರು ಹಾರ ಹಾಕಿ, ಗಣಪತಿ ಪಟದ ಮುಂದೆ ಒಂದು ಕೆಂಪು ಬಲ್ಬು ಕಟ್ಟಿ, ಅದರ ಎರಡು ವಯರನ್ನೂ ನೇರ ಬ್ಯಾಟರಿಗೇ ಸಿಕ್ಕಿಸಿದರು. ಆಮೇಲೆ ಚಾವಿ ತಿರುಗಿಸಿದರು. ಟಕ್ ಎಂದಿತು, ಅಷ್ಟೆ.

ಜಟ್ಟೆಪ್ಪ ಬಗ್ಗಿ ನೋಡಲೂ ಇಲ್ಲ. "ಬ್ಯಾಟ್ರಿ ಡೌನ್ ಆಗ್ಯಾದ್ರಿ."

ಹೋಟೆಲಿನ ವ್ಯಾನನ್ನು ಬೋಟು ಕಟ್ಟುವ ಜೆಟ್ಟಿಯ ತನಕ ತಂದು ಎರಡು ದಪ್ಪ ಕೇಬಲು ಎಳೆದರು. ಕೆಂಪು ಕೇಬಲಿನ ತುದಿ ಬೋಟಿನ ಬ್ಯಾಟರಿಯನ್ನು ಕಚ್ಚಿತು. ಕಪ್ಪು ಕೇಬಲಿನದು ಇಂಜಿನ್ನಿನ ನೆತ್ತಿಯ ಮೇಲಿನ ಕೊಕ್ಕೆಯನ್ನು. ಆ ಕೊಕ್ಕೆಯೊಂದಕ್ಕೆ ಮಾತ್ರ ಬಣ್ಣ ಸಾಲದೆ ಹಾಗೇ ಉಳಿದಿತ್ತು. ಈ ಸಲ ಇಂಜಿನ್ನು ಒಂದೇ ಏಟಿಗೆ ಎದ್ದಿತು.

"ನೋಡ್ರಿ, ನಾ ಹೇಳಿದ್ದೇ ಖರೆ. ಒಂದ್ ಸುತ್ತ ಹೋಗಿ ಬಂದ್ರ ಚಾರ್ಜ್ ಆಗ್ತದ" ಎಂದ ಜಟ್ಟೆಪ್ಪ.

ಸಾವಿತ್ರಿಬಾಯಿ ಜೆಟ್ಟಿಯ ಮೇಲೆಯೇ ನಿಂತಿದ್ದಳು. ಆಕೆಗೆ ನೀರೆಂದರೆ ಆಗುವುದಿಲ್ಲ. ಊರಲ್ಲಿ ಬಾವಿಯ ಹತ್ತಿರವೂ ಹೋದವಳಲ್ಲವಂತೆ.

"ನಾ ಒಲ್ಲೆರಿ ಅಕ್ಕಾರ. ನನಗ ಅಂಜಿಕಿ ಬರ್ತದ."

"ಬನ್ನಿ ಮಾರಾಯ್ತಿ. ಎಂತ ಆಗುದಿಲ್ಲ, ನಾನಿದ್ದೇನಲ್ಲ" ಎಂದು ಕೈ ಹಿಡಿದು ಹತ್ತಿಸಿಕೊಂಡವಳು ನಾನೇ. ಉಡುಪಿ ಕಡೆಯವಳು ಎಂದರೆ ಈಜು ಬರುತ್ತದೆ ಎಂದು ಆಕೆ ನಂಬಿದ್ದಳೇನೋ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಮೊಣಕಾಲು ತನಕ ಮಾತ್ರ ಸಮುದ್ರ. ನಾಲ್ವರಲ್ಲಿ ಈಜು ಬರುತ್ತಿದ್ದುದು ದೇವದಾಸರಿಗೊಬ್ಬರಿಗೇ.

ಹಿನ್ನೀರಿನ ನಡುವೆ, ದಂಡೆಯ ಮನೆ ಬೆಂಕಿಪೊಟ್ಟಣದಷ್ಟು ಕಾಣುವಲ್ಲಿ, ದೇವದಾಸರು ಇಂಜಿನ್ನು ನಿಲ್ಲಿಸಿದರು. ಗಂಗೆಗೆ ತೆಂಗಿನಕಾಯಿ, ಹಾಲು ಒಪ್ಪಿಸಬೇಕು, ಆಗ ಸದ್ದು ಇರಬಾರದು ಎನ್ನುವುದು ಅವರ ಶಾಸ್ತ್ರ. ಹಾಲು ಬಿಟ್ಟರು. ಒಂದು ಕಾಯಿ ಬಿಟ್ಟರು, ಒಂದನ್ನು ದೇವರ ಮುಂದೆ ಉಳಿಸಿಕೊಂಡರು. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು, ಪಡುವಣ ಗಾಳಿ ಎದ್ದು ನೀರಿನ ಮೈ ಒರಟಾಗತೊಡಗಿತ್ತು. ದೇವದಾಸರು ಬಂದು ಚಾವಿ ತಿರುಗಿಸಿದರು.

ಟಕ್.

ಮತ್ತೆ ತಿರುಗಿಸಿದರು. ಮತ್ತೆ ಟಕ್.

"ಸ್ವಲ್ಪ ಹೊತ್ತು ಬಿಡ್ರಿ. ಬ್ಯಾಟ್ರಿ ದಮ್ ತಗೋತದ" ಎಂದ ಜಟ್ಟೆಪ್ಪ. ನಾವು ಕಾದೆವು. ಗಾಳಿ ಕಾಯಲಿಲ್ಲ. ಅದು ಬೋಟನ್ನು ನಮ್ಮ ದಂಡೆಯಿಂದ ದೂರಕ್ಕೆ, ಹಿನ್ನೀರಿನ ಅಗಲವಾದ ಕಡೆಗೆ ತಳ್ಳುತ್ತಿತ್ತು. ದೇವದಾಸರು ಲಂಗರು ಬಿಟ್ಟರು. ಹಗ್ಗ ಮುಗಿಯಿತು, ತಳ ಸಿಗಲಿಲ್ಲ.

ಆಗ ಸಾವಿತ್ರಿಬಾಯಿ ಮೆಲ್ಲಗೆ ಅಂದಳು, "ಅಕ್ಕಾರ, ನನ್ನ ಕಾಲಿಗೆ ನೀರ ಹತ್ತಲಕತ್ತದ."

"ಅಲಿ ಸಿಡದಿರಬೇಕ, ಸುಮ್ ಕೂಡ" ಎಂದ ಅವಳ ಗಂಡ.

ನಾನು ಕಾಲಡಿಯ ಹಲಗೆ ಎತ್ತಿದೆ. ಕೆಳಗೆ ಕಪ್ಪು ನೀರು ತುಂಬಿ ಅತ್ತಿಂದಿತ್ತ ತೂಗುತ್ತಿತ್ತು. ಬೋಟಿನ ಹಿಂದೆ, ಅದನ್ನು ತಳ್ಳುವ ಪಂಖದ ದಂಡ ಹೊರಗೆ ಹೋಗುವ ತೂತಿನಲ್ಲಿ ಯಾವಾಗಲೂ ನೀರು ಒಸರುತ್ತದೆ. ಅದನ್ನು ಹೊರಗೆ ಎಸೆಯಲೆಂದೇ ಒಂದು ಪಂಪು ಉಂಟು, ನೀರು ಏರಿದರೆ ತನ್ನಷ್ಟಕ್ಕೆ ಓಡುತ್ತದೆ. ದೇವದಾಸರು ಓಡಿ ಬಂದು ಪಂಪಿನ ಸ್ವಿಚ್ ಒತ್ತಿದರು. ಪಂಪು ಒಮ್ಮೆ ನರಳಿ ಸುಮ್ಮನಾಯಿತು.

ಬಣ್ಣ ಬಳಿದಂದಿನಿಂದ ಅದು ಓಡಿಯೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಬ್ಯಾಟರಿ ಕೂತಿದ್ದ ಹಲಗೆಗೂ ನೀರಿಗೂ ಒಂದು ಗೇಣು ಅಂತರ ಉಳಿದಿತ್ತು. ಬ್ಯಾಟರಿ ಮುಳುಗಿದರೆ ಆಮೇಲೆ ಯಾವ ದೇವರೂ ಚಾವಿ ತಿರುಗಿಸಲಾರ.

"ಜಾಕೆಟ್ ಹಾಕಿಕೊಳ್ಳಿ ಎಲ್ಲರೂ" ಎಂದರು ದೇವದಾಸರು. ಹೇಳಿದವರೇ ದಂಡೆಯ ಕಡೆ ತಿರುಗಿದರು. ನಾನೂ ನೋಡಿದೆ. ಪೂಜೆಗೆಂದು ಬೋಟನ್ನು ತೊಳೆದಾಗ ತೇಲುವ ಜಾಕೆಟುಗಳನ್ನೂ ಸೋಪು ಹಾಕಿ ತೊಳೆದಿದ್ದರು. ಊಟದ ಮನೆಯ ಮುಂದೆ ಹಗ್ಗದ ಮೇಲೆ ಅವು ಕಿತ್ತಳೆ ಬಣ್ಣದಲ್ಲಿ ಸಾಲಾಗಿ ಒಣಗುತ್ತಿದ್ದವು.

ನನಗೆ ಬಂದ ಸಿಟ್ಟಿಗೆ ಮಾತು ತುಳುವಿಗೆ ತಿರುಗಿತು. ಏನೆಂದೆ ಎಂದು ಇಲ್ಲಿ ಬರೆಯುವುದಿಲ್ಲ. ಬೋಟು ಮದುಮಗಳಂತೆ ಹೊಳೆಯುತ್ತಿತ್ತು, ಫೋನು ಹೂವಿನ ಕೆಳಗೆ, ಪಾನರು ಕುಂಕುಮದ ಕೆಳಗೆ, ಜಾಕೆಟು ಹಗ್ಗದ ಮೇಲೆ. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಎನ್ನುವುದು ಇದಕ್ಕೇ. ಸಾವಿತ್ರಿಬಾಯಿ ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದಿದ್ದಳು. ನಾನಿದ್ದೇನೆ ಎಂದವಳು ನಾನೇ. ಈ ಹೆಂಗಸನ್ನು ಹೇಗೆ ಹತ್ತಿಸಿಕೊಂಡೆನೋ ಹಾಗೇ ದಂಡೆಗೆ ಇಳಿಸಬೇಕು. ನನಗೆ ಬೇರೆ ಏನೂ ತೋಚುತ್ತಿರಲಿಲ್ಲ.

ದೇವದಾಸರು ಪಂಚಕಜ್ಜಾಯ ತಂದಿದ್ದ ಪಾತ್ರೆಯನ್ನು ಬರಿದು ಮಾಡಿ ನೀರು ಮೊಗೆದು ಹೊರಗೆ ಚೆಲ್ಲತೊಡಗಿದರು. ಅವರ ಒಂದು ಭುಜ ಹಿಂದಿನ ವರ್ಷ ಜಾರಿಬಿದ್ದಾಗಿನಿಂದ ಮೇಲೆ ಏಳುವುದಿಲ್ಲ. ಜಟ್ಟೆಪ್ಪ ಇಂಜಿನ್ನಿನ ಗುಂಡಿಗೆ ಇಳಿದ. ಅವನ ಎರಡನೆಯ ತೀರ್ಪು ಬಂತು, ಸ್ಟಾರ್ಟರಿನ ಒಳಗಿನ ಕಾರ್ಬನ್ ಕಚ್ಚಿಕೊಂಡಿದೆ, ಬಡಿದರೆ ಬಿಡುತ್ತದೆ. ಬಡಿಯಲು ಸುತ್ತಿಗೆ ಇಲ್ಲ. ಉಳಿಸಿಕೊಂಡಿದ್ದ ತೆಂಗಿನಕಾಯಿಯಿಂದಲೇ ಬಡಿದ. ಕಾಯಿ ಒಡೆಯಿತು, ಸ್ಟಾರ್ಟರು ಏಳಲಿಲ್ಲ.

"ಹೊಡೀರಿ ಚಾವಿ."

ಟಕ್.

"ಮತ್ತ ಹೊಡೀರಿ."

ಟಕ್. ನಾನು ಸುಮ್ಮನೆ ಗಣಪತಿಯ ಪಟ ನೋಡುತ್ತಿದ್ದೆ, ಕೈ ಮುಗಿಯಲು ಕೈ ಬಿಡುವಿರಲಿಲ್ಲ. ಪಟದ ಮುಂದಿನ ಕೆಂಪು ಬಲ್ಬು ಬೆಳಗಿನ ಹಾಗೇ ಉರಿಯುತ್ತಿತ್ತು. ಹಾಗೇ, ಒಂದಿಷ್ಟೂ ಕುಗ್ಗದೆ.

"ಹೋಯ್, ಇನ್ನೊಮ್ಮೆ ತಿರುಗಿಸಿ" ಎಂದೆ ದೇವದಾಸರಿಗೆ. ಅವರು ತಿರುಗಿಸಿದರು. ಬಲ್ಬು ಮಿಟುಕಲಿಲ್ಲ.

"ಜಟ್ಟೆಪ್ಪಾ, ನಮ್ಮ ಹೋಟೆಲಲ್ಲಿ ಗ್ರೈಂಡರು ಚಾಲೂ ಮಾಡಿದರೆ ದೇವರ ಗೂಡಿನ ಬಲ್ಬು ಒಮ್ಮೆ ಕುಗ್ತದೆ. ಇಲ್ಲಿ ಇಷ್ಟು ದೊಡ್ಡ ಮೋಟರಿಗೆ ಚಾವಿ ತಿರುಗಿಸಿದರೆ ಈ ಬಲ್ಬು ಯಾಕೆ ಕುಗ್ಗುದಿಲ್ಲ? ಬ್ಯಾಟರಿ ಸತ್ತಿದ್ದರೆ ಇದು ಉರಿಯುದಾದರೂ ಹೇಗೆ?"

ಜಟ್ಟೆಪ್ಪ ಬಲ್ಬನ್ನು ನೋಡಿದ, ನನ್ನನ್ನು ನೋಡಿದ. ಆ ದಿನ ಮೊದಲ ಸಲ ತೀರ್ಪು ಕೊಡದೆ ಮತ್ತೆ ಬಲ್ಬನ್ನು ನೋಡಿದ.

"ಬ್ಯಾಟ್ರಿ ಛಲೋ ಅದ" ಎಂದ ಕೊನೆಗೆ. "ಕರೆಂಟ ಮೋಟರಿಗಿ ಮುಟ್ಟವಲ್ದು. ಆ ಬಲ್ಬು ಕೊಡ್ರಿ ಇಲ್ಲಿ."

ಬಲ್ಬಿನ ಕೆಂಪು ವಯರನ್ನು ಬ್ಯಾಟರಿಯಲ್ಲೇ ಬಿಟ್ಟು, ಕಪ್ಪು ವಯರನ್ನು ಬಿಚ್ಚಿ ಇಂಜಿನ್ನಿನ ಬರಿ ಕೊಕ್ಕೆಗೆ ಮುಟ್ಟಿಸಿದ. ಬಲ್ಬು ಮಂಕಾಗಿ ಹತ್ತಿತು. "ಹೊಡೀರಿ ಚಾವಿ." ದೇವದಾಸರು ತಿರುಗಿಸಿದರು. ಬಲ್ಬು ಪೂರ್ತಿ ಆರಿತು. ಅದೇ ವಯರನ್ನು ಬ್ಯಾಟರಿಗೆ ಮುಟ್ಟಿಸಿದರೆ ಚಾವಿ ತಿರುಗಿಸಿದರೂ ಆರಲಿಲ್ಲ.

"ಬ್ಯಾಟ್ರಿದಿಂದ ಕರೆಂಟ ಹೋಗ್ತದ, ಹೊಳ್ಳಿ ಬರಾಕ ದಾರಿ ಇಲ್ಲ. ಇಂಜಿನ್ನಿನ ಅರ್ಥಿಂಗ ಕೈ ಬಿಟ್ಟದ. ಪಂಪಿನ ವಯರೂ ಅಲ್ಲೇ ಕಟ್ಯಾದ, ಅದಕ್ಕ ಎರಡೂ ಕೂಡೇ ಸತ್ತಾವ."

ಬೆಳಗ್ಗೆ ವ್ಯಾನಿನ ಕಪ್ಪು ಕೇಬಲು ಕಚ್ಚಿದ್ದು ಇದೇ ಕೊಕ್ಕೆಯನ್ನು. ವ್ಯಾನು ಬ್ಯಾಟರಿಗೆ ಬಲ ಕೊಟ್ಟಿರಲಿಲ್ಲ, ಕರೆಂಟಿಗೆ ದಾರಿ ಕೊಟ್ಟಿತ್ತು. ಇದನ್ನು ನಾನು ಹೇಳುವ ಮೊದಲೇ ಜಟ್ಟೆಪ್ಪ ತನ್ನ ಹಣೆ ತಾನೇ ಬಡಿದುಕೊಂಡ.

ಬ್ಯಾಟರಿಯಿಂದ ಬಂದ ದಪ್ಪ ಕಪ್ಪು ಕೇಬಲಿನ ತುದಿ ಇಂಜಿನ್ನಿನ ಪಕ್ಕದ ಒಂದು ಕಬ್ಬಿಣದ ಕಿವಿಗೆ ಸೇರಿತ್ತು. ಕಿವಿ ನೀಲಿ. ಕೇಬಲಿನ ತುದಿಯ ಬಳೆ ನೀಲಿ. ಅದನ್ನು ಬಿಗಿದ ನಟ್ಟೂ ನೀಲಿ.

"ಅಣ್ಣಾರ, ಇದನ್ನ ಬಿಚ್ಚಿ ಬಣ್ಣಾ ಹಚ್ಚೀರೇನು?"

ದೇವದಾಸರು ಪಾತ್ರೆ ಹಿಡಿದು ನಿಂತರು. "ಬಿಚ್ಚಿ ಅಡಿಗೂ ಬಳಿದೆ ಮಾರಾಯ. ಇಲ್ಲದಿದ್ದರೆ ತುಕ್ಕು ಹಿಡೀತದೆ ಅಂತ."

ಬ್ಯಾಟರಿಗೂ ನೀರಿಗೂ ಈಗ ನಾಲ್ಕು ಬೆರಳಿನ ಅಂತರ.

ಒಂದು ಪುಣ್ಯ, ಮಲ್ಪೆಯವರು ಆ ಜಾಗಕ್ಕೆ ಎರಡು ಕಿವಿಯ ಚಿಟ್ಟೆ ನಟ್ಟು ಹಾಕಿದ್ದರು, ಸಮುದ್ರದಲ್ಲಿ ಕೈಯಿಂದಲೇ ಬಿಚ್ಚಲಿ ಎಂದು. ಆದರೆ ಬಣ್ಣ ಒಣಗಿ ಅದನ್ನು ಕಲ್ಲು ಮಾಡಿತ್ತು. ಜಟ್ಟೆಪ್ಪ ತಿರುವಿದ, ದೇವದಾಸರು ತಿರುವಿದರು, ನಾನು ಇನ್ನೊಂದು ಕೈಗೆ ಸೆರಗು ಸುತ್ತಿ ತಿರುವಿದೆ. ಹಲ್ಲಿದ್ದವನಿಗೆ ಕಡಲೆ ಇಲ್ಲ ಎಂಬಂತೆ ಕೈ ಮೂರು ಜೊತೆ, ಪಾನರು ಒಂದೂ ಇಲ್ಲ. ಅಲೆಯೊಂದು ಪಕ್ಕಕ್ಕೆ ಬಡಿದು ಬೋಟು ವಾಲಿತು. ಕೆಳಗಿನ ನೀರು ಒಂದೇ ಕಡೆ ನುಗ್ಗಿ ಬ್ಯಾಟರಿಯ ಹಲಗೆಯನ್ನು ನೆಕ್ಕಿ ಹಿಂದೆ ಸರಿಯಿತು.

ಆಗ ನನ್ನ ಕೈ ಹಗುರವಾಯಿತು. ಸಾವಿತ್ರಿಬಾಯಿ ಹಿಡಿತ ಬಿಟ್ಟಿದ್ದಳು. ಸಂಚಿ ಬಿಚ್ಚಿ, ಅಡಕತ್ತರಿ ತೆಗೆದು, ಗಂಡನ ಮುಖ ನೋಡದೆ ಚಾಚಿದಳು.

"ಇದರಿಂದ ಆಗ್ತದೇನ ನೋಡ್ರಿ."

ಜಟ್ಟೆಪ್ಪ ಅದರ ಎರಡು ಹಿಡಿಕೆಗಳ ನಡುವೆ ಚಿಟ್ಟೆ ನಟ್ಟನ್ನು ಸಿಕ್ಕಿಸಿ ತಿರುವಿದ. ಜಾರಿತು, ಅಲಗು ಅವನ ಹೆಬ್ಬೆರಳ ಬುಡ ಸೀಳಿತು. ಮತ್ತೆ ತಿರುವಿದ. ಬಣ್ಣ ಚಟ್ ಎಂದು ಬಿರಿದು ನಟ್ಟು ಸುತ್ತಿತು. ಸುತ್ತಿ ಬಿಚ್ಚಿ, ರಕ್ತದ ಬೆರಳಿಂದ ಜಾರಿ, ಕೆಳಗಿನ ಕಪ್ಪು ನೀರಿಗೆ ಬಿತ್ತು.

ನಾನು ಕಣ್ಣು ಮುಚ್ಚಿಕೊಂಡೆ. ಜಟ್ಟೆಪ್ಪ ನಟ್ಟು ಹುಡುಕಲು ಹೋಗಲಿಲ್ಲ. ಅಡಕತ್ತರಿಯ ಅಲಗಿನಿಂದ ಕಬ್ಬಿಣದ ಕಿವಿಯನ್ನು, ಕೇಬಲಿನ ಬಳೆಯನ್ನು ಕೆರೆದ. ನೀಲಿ ಪುಡಿ ಉದುರಿ ಬಿಳಿ ಕಬ್ಬಿಣ ಕಂಡಿತು. ಪಂಪಿನ ವಯರನ್ನೂ ಕೆರೆದು ಬಳೆಗೆ ಸುತ್ತಿದ. ಬಳೆಯನ್ನು ಕಿವಿಯ ಮೇಲಿಟ್ಟು, ಎರಡನ್ನೂ ಸೇರಿಸಿ ಅಡಕತ್ತರಿಯ ಬಾಯಿಗೆ ಕೊಟ್ಟು ಅದುಮಿದ. ಹೆಬ್ಬೆರಳಿಂದ ರಕ್ತ ಇಳಿದು ಹಿಡಿಕೆ ಜಾರುತ್ತಿತ್ತು.

"ನನ್ನ ಕೈಲೆ ಬಿಗಿ ಹಿಡಿಲಾಕ ಆಗಲ್ದು" ಎಂದ. ಅವನ ದನಿಯಲ್ಲಿ ನಾನು ಹೆದರಿಕೆ ಕೇಳಿದ್ದು ಆಗಲೇ.

ಸಾವಿತ್ರಿಬಾಯಿ ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿದಳು, ಮೊಣಕಾಲಿನ ತನಕ ನೀರಿಗೆ. "ಸರೀರಿ. ದಿನಾ ಅಡಕಿ ಒಡಿಯಾಕಿ ನಾ." ಒಂದು ಕ್ಷಣ ನಿಂತು ಕೇಳಿದಳು, "ಕರೆಂಟ ಹೊಡಿತದೇನು?"

"ಹೊಡಿಯಂಗಿಲ್ಲ. ಕಿಡಿ ಹಾರಬಹುದು. ಬಿಡಬ್ಯಾಡ."

ಆಕೆ ಎರಡೂ ಕೈಯಿಂದ ಅದುಮಿದಳು. ಕೈಯ ನರಗಳು ಎದ್ದವು. ದೇವದಾಸರು ಚಾವಿ ತಿರುಗಿಸಿದರು. ಅಡಕತ್ತರಿಯ ಬಾಯಲ್ಲಿ ಕಿಡಿ ಹಾರಿತು. ಸ್ಟಾರ್ಟರು ಭಾರವಾಗಿ ಒಂದು ಸುತ್ತು ತಿರುಗಿ ನಿಂತಿತು.

"ಇನ್ನಾ ಬಿಗಿ ಹಿಡಿ" ಎಂದ ಜಟ್ಟೆಪ್ಪ.

ಎರಡನೆಯ ಸಲ ಇಂಜಿನ್ನು ಕೆಮ್ಮಿ, ಹೊಗೆ ಉಗುಳಿ, ಎದ್ದಿತು. ಅದರ ಹಿಂದೆಯೇ ಪಂಪು ಗುಂಯ್ ಎಂದು ಪಕ್ಕದ ತೂತಿನಿಂದ ಕಪ್ಪು ನೀರನ್ನು ಹೊರಗೆ ಎಸೆಯಿತು. ನನಗೆ ಅಳು ಬಂತು. ಅತ್ತೆ, ಅದರಲ್ಲಿ ಮುಚ್ಚಿಡುವುದೇನು.

ಡೀಸೆಲ್ ಇಂಜಿನ್ನು ಎದ್ದರೆ ಅದು ಕರೆಂಟಿಲ್ಲದೆಯೂ ಓಡುತ್ತದೆ, ಪಂಪು ಓಡುವುದಿಲ್ಲ. ನಟ್ಟು ನೀರೊಳಗೆ. ಆದ್ದರಿಂದ ಸಾವಿತ್ರಿಬಾಯಿ ಹಿಡಿದೇ ನಿಲ್ಲಬೇಕಾಯಿತು. ಜಟ್ಟೆಪ್ಪ ಕೈಗೆ ಬಟ್ಟೆ ಸುತ್ತಿಕೊಂಡು ತಾನು ಹಿಡಿಯುತ್ತೇನೆ ಎಂದ. ಅವನು ಹಿಡಿದೊಡನೆ ಜಾರಿತು, ಪಂಪು ನಿಂತಿತು. ನಾನು ಹೋದೆ, ನನ್ನ ಕೈಗೆ ಆ ಬಲವಿರಲಿಲ್ಲ. ಆಕೆ ಮತ್ತೆ ತೆಗೆದುಕೊಂಡಳು. ಗಾಳಿಗೆ ಎದುರಾಗಿ ಬೋಟು ತೆವಳುತ್ತಿತ್ತು, ಕಿತ್ತಳೆ ಜಾಕೆಟುಗಳು ಎಷ್ಟು ಹೊತ್ತಾದರೂ ಅಷ್ಟೇ ದೂರ ಕಾಣುತ್ತಿದ್ದವು. ನಾನು ಗುಂಡಿಯ ಅಂಚಿನಲ್ಲಿ ಕೂತು ಆಕೆಯ ಹೆಗಲು ಹಿಡಿದುಕೊಂಡೆ. ಧೈರ್ಯ ಹೇಳಲು ಬಾಯಿ ತೆರೆದೆ.

"ನೀವ್ ಅಂಜಬ್ಯಾಡ್ರಿ ಅಕ್ಕಾರ" ಎಂದಳು ಆಕೆ, ಕಣ್ಣನ್ನು ಅಡಕತ್ತರಿಯ ಬಾಯಿಂದ ಎತ್ತದೆ. "ನಾ ಹಿಡದೀನಲ್ಲ."

ಜೆಟ್ಟಿಗೆ ಬೋಟು ತಾಗಿತು. ದೇವದಾಸರು ಹಗ್ಗ ಕಟ್ಟಿದರು, ಆಮೇಲೆ ಇನ್ನೊಂದು ಹಗ್ಗವನ್ನೂ ಕಟ್ಟಿದರು. ನಾನು ನೆಲಕ್ಕೆ ಇಳಿದವಳೇ ಮೊದಲು ಜಾಕೆಟುಗಳನ್ನು ಹಗ್ಗದಿಂದ ಎಳೆದು ಬೋಟಿಗೆ ಎಸೆದೆ, ಒದ್ದೆಯಿದ್ದರೆ ಇರಲಿ. ಆಮೇಲೆ ಊಟದ ಮನೆಯೊಳಗೆ ಹೋಗಿ ಪೂಜೆಗಿಟ್ಟ ಪಾನರುಗಳನ್ನು ಹೂವಿನ ಸಮೇತ ಸೆರಗಿಗೆ ಬಾಚಿಕೊಂಡು ತಂದು ಇಂಜಿನ್ನಿನ ಪಕ್ಕ ಇಟ್ಟೆ. ದೇವದಾಸರು ನೋಡಿದರು, ಬೇಡ ಎನ್ನಲಿಲ್ಲ.

ಸಾವಿತ್ರಿಬಾಯಿ ಮೆಟ್ಟಿಲ ಮೇಲೆ ಕೂತಿದ್ದಳು. ಅಡಕತ್ತರಿ ಇನ್ನೂ ಕೈಯಲ್ಲೇ ಇತ್ತು. ಅಲಗು ಮುಕ್ಕಾಗಿತ್ತು, ಕಿಡಿ ಹಾರಿದಲ್ಲಿ ಕಪ್ಪು ಕಲೆ. ಜಟ್ಟೆಪ್ಪ ಕುಂಕುಮದ ಬಟ್ಟಲು ಹಿಡಿದು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ತಾ ಇಲ್ಲಿ" ಎಂದ, ಈಗ ಬೈಗುಳದ ದನಿಯಲ್ಲಿ ಅಲ್ಲ. "ಇದಕ್ಕೊಂದಿಷ್ಟ ಕುಂಕುಮ ಹಚ್ಚಿ ದೇವರ ಮುಂದ ಇಡೂನು."

"ಒಲ್ಲೆ" ಎಂದಳು. "ಅಲ್ಲಿಟ್ರ ನಾಳಿತನಕ ಮುಟ್ಟಂಗಿಲ್ಲ."

ಹಾಗೆಂದವಳು ಸಂಚಿಯಿಂದ ಒಂದು ಅಡಿಕೆ ತೆಗೆಯಲು ಹೋದಳು. ಆಗಲಿಲ್ಲ. ಅಷ್ಟು ಹೊತ್ತು ಅದುಮಿ ಹಿಡಿದ ಬೆರಳುಗಳು ಹಿಡಿಕೆಯನ್ನು ಬಿಡಲೊಲ್ಲವು. ಆಕೆ ಅವನ್ನು ನೋಡಿ ನಕ್ಕಳು, ಆಮೇಲೆ ನಡುಗತೊಡಗಿದಳು. ನಾನು ಪಕ್ಕದಲ್ಲಿ ಕೂತು ಒಂದೊಂದೇ ಬೆರಳು ಬಿಡಿಸಿ ಅಡಕತ್ತರಿ ತೆಗೆದುಕೊಂಡೆ. ಅಡಿಕೆ ಕತ್ತರಿಸಿದೆ. ಮುಕ್ಕಾದ ಅಲಗಿಗೆ ಅದು ಓರೆಕೋರೆಯಾಗಿ ಒಡೆಯಿತು. ಎಲೆಗೆ ಸುಣ್ಣ ಸವರಿ, ಮಡಿಸಿ, ಆಕೆಯ ಬಾಯಿಗೆ ನಾನೇ ಇಟ್ಟೆ.